ಕಂಪ್ಯೂಟರಿಗೆ ನಾನು ಮಾಡಿದ ಆಯುಧಪೂಜೆ

ಯಂತ್ರಕ್ಕೆ ಪೂಜೆ ಮಾಡುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಬಂಗಾರಪೇಟೆ ತಾಲ್ಲೂಕಿನಲ್ಲೇ ಇಲ್ಲ ಎಂಬುದು ಹತ್ತನೇ ತರಗತಿಯಲ್ಲಿದ್ದಾಗ ನನ್ನ ದೃಢವಾದ ನಂಬಿಕೆಯಾಗಿತ್ತು. ಇದು ಬರಿಯ ಜಂಬವಲ್ಲ, ಆಧಾರವಿತ್ತು. ನಮ್ಮಪ್ಪ ಕೋರಮಂಡಲ್‌ನ ಚಿನ್ನದ ಗಣಿಯಲ್ಲಿ ಫಿಟ್ಟರ್. ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿ, ಆಳುಗಳನ್ನು ಭೂಮಿಯೊಳಕ್ಕೆ ಇಳಿಸಿ ಹತ್ತಿಸುವ ದೊಡ್ಡ ಯಂತ್ರಕ್ಕೆ ಎಣ್ಣೆ ಬಿಟ್ಟು, ನಟ್ಟು ಬಿಗಿದು, ಸಂಜೆ ರೈಲಿಗೆ ವಾಪಸ್ಸು ಬರುತ್ತಿದ್ದರು. ಆಯುಧಪೂಜೆಯ ದಿನ ಆ ಯಂತ್ರಕ್ಕೆ ಪೂಜೆ ಮಾಡುವವರಲ್ಲಿ ಅವರೇ ಮುಂದು. ಅವರ ಹಿಂದೆ ಅರಿಶಿನದ ಬಟ್ಟಲು ಹಿಡಿದು ನಿಲ್ಲುವವನು ನಾನು! ಸೈಕಲ್ಲು, ಪಂಪ್‌ಸೆಟ್ಟು, ಹೊಲಿಗೆ ಮಿಷಿನ್ನು, ಕೊನೆಗೆ ಅಮ್ಮನ ಈಳಿಗೆಮಣೆಯವರೆಗೆ ಯಾವುದಕ್ಕೆ ಎಲ್ಲಿ ಕುಂಕುಮ ಇಡಬೇಕೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ.

ಹೀಗಿರುವಾಗ, ಎಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ತರಗತಿಯಲ್ಲಿ ನಲವತ್ತೆರಡು ಮಕ್ಕಳು, ಕಂಪ್ಯೂಟರ್ ಒಂದೇ. ಒಬ್ಬೊಬ್ಬರಿಗೆ ವಾರಕ್ಕೆ ಐದು ನಿಮಿಷ. ಆ ಐದು ನಿಮಿಷಕ್ಕಾಗಿ ನಾವು ವಾರದ ಆರೂ ದಿನ ಶಾಲೆಗೆ ಹೋಗುತ್ತಿದ್ದೆವು ಎಂದರೆ ತಪ್ಪಾಗಲಾರದು.

ಅದನ್ನು ತರಿಸಿದವರು ಗಣಿತದ ಚೌಡಪ್ಪ ಸಾರ್. ಕೋಲಾರಕ್ಕೂ ಬೆಂಗಳೂರಿಗೂ ಎಷ್ಟು ಸಲ ಅಲೆದರೋ, ಯಾರ ಯಾರ ಮೇಜಿನ ಮುಂದೆ ನಿಂತರೋ, ಪುಣ್ಯಾತ್ಮರು! ಅದಕ್ಕೊಂದು ಪ್ರತ್ಯೇಕ ಕೋಣೆ. ಕಿಟಕಿಗೆ ಪರದೆ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ತಿನ್ನಬಾರದು, ಗಟ್ಟಿಯಾಗಿ ಮಾತಾಡಬಾರದು. ಕಂಪ್ಯೂಟರಿಗೆ ಸಾರ್ ಅವರ ಮನೆಯವರೇ ಹೊಲಿದುಕೊಟ್ಟ ಹೂವಿನ ಚಿತ್ತಾರದ ಮುಸುಕು. ಜೊತೆಗೆ ಐದು ಫ್ಲಾಪಿಗಳು. ಈಗಿನ ಮಕ್ಕಳಿಗೆ ಫ್ಲಾಪಿ ಗೊತ್ತಿಲ್ಲ. ಅಂಗೈಗಿಂತ ಅಗಲವಾದ ಚೌಕದ ಕರಿಯ ಲಕೋಟೆ, ಅದರೊಳಗೆ ಕಂದುಬಣ್ಣದ ತೆಳ್ಳನೆಯ ದುಂಡುಹಾಳೆ. ಲಕೋಟೆಯಲ್ಲಿ ಒಂದು ಸಣ್ಣ ಕಿಂಡಿ, ಅದರಲ್ಲಿ ಆ ಹಾಳೆ ಇಣುಕುತ್ತಿರುತ್ತದೆ.

"ನೋಡ್ರಪ್ಪಾ, ಕಂಪ್ಯೂಟರ್‌ನ ನೆನಪೆಲ್ಲಾ ಇರೋದು ಇದರಲ್ಲೇ. ಒಳಗೆ ಹಾಕಿದ್ರೆ ಗರಗರ ತಿರುಗುತ್ತೆ. ಈ ಕಿಂಡೀಲಿ ಕಾಣ್ತದಲ್ಲ, ಇದನ್ನ ಯಾರೂ ಮುಟ್ಟಬಾರ್ದು," ಎಂದು ಸಾರ್ ಹೇಳಿದ್ದರು.

ಚಪ್ಪಲಿ ಹೊರಗೆ, ಪರದೆ, ಮೌನ, ಮುಟ್ಟಬಾರದು. ನನಗೆ ಎಲ್ಲವೂ ಥಟ್ಟನೆ ಅರ್ಥವಾಯಿತು. ಇದು ಮಡಿಯ ವಿಷಯ! ಸ್ನಾನ ಮಾಡದೆ ಮುಟ್ಟಬಾರದು ಎಂದು ಸಾರ್ ಸೂಕ್ಷ್ಮವಾಗಿ ಹೇಳುತ್ತಿದ್ದಾರೆ ಎಂದುಕೊಂಡೆ.

ದಸರಾ ರಜೆ ಬಂತು. ರಜೆ ಮುಗಿದ ಮೂರನೇ ದಿನಕ್ಕೆ ಇಲಾಖೆಯ ಸಾಹೇಬರು ಬರುವುದು ಗೊತ್ತಾಗಿತ್ತು. ಕಂಪ್ಯೂಟರನ್ನು ಸುಮ್ಮನೆ ಮುಚ್ಚಿಟ್ಟುಕೊಂಡಿರುವ ಶಾಲೆಗಳಿಂದ ಅದನ್ನು ಎತ್ತಿಕೊಂಡು ಹೋಗಿ ಬೇರೆ ಶಾಲೆಗೆ ಕೊಡುತ್ತಿದ್ದರಂತೆ. ಸಾಹೇಬರಿಗೆ ತೋರಿಸಲೆಂದೇ ಚೌಡಪ್ಪ ಸಾರ್ ಎರಡು ತಿಂಗಳು ಕೂತು ಒಂದು ಪ್ರೋಗ್ರಾಂ ಬರೆದಿದ್ದರು. ಊರಿನ ಹೆಸರು ಒತ್ತಿದರೆ ಬಂಗಾರಪೇಟೆ ಜಂಕ್ಷನ್ನಿನಿಂದ ಆ ಊರಿಗೆ ಯಾವ ಯಾವ ರೈಲು, ಎಷ್ಟು ಗಂಟೆಗೆ ಎಂದು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಿತ್ತು. ಸ್ಟೇಷನ್ನಿನಲ್ಲಿ ಕೇಳಿದರೂ ಅಷ್ಟು ಸರಿಯಾದ ಉತ್ತರ ಸಿಗುತ್ತಿರಲಿಲ್ಲ! ಆ ಪ್ರೋಗ್ರಾಂ ಇದ್ದದ್ದು ಆ ಫ್ಲಾಪಿಗಳಲ್ಲಿ.

ಸಾರ್ ರಜೆಗೆ ತಮ್ಮೂರಿಗೆ ಹೊರಟರು. ಹೋಗುವಾಗ ನನ್ನನ್ನು ಕರೆದು ಕೋಣೆಯ ಬೀಗದ ಕೈ ಕೊಟ್ಟರು.

"ಮುನಿರಾಜು, ಆಯುಧಪೂಜೆ ದಿನ ಬಂದು ಮುಸುಕಿನ ಮೇಲೆ ಒಂದು ಹೂವು ಇಡು. ಬಾಗಿಲಾಚೆ ಊದಿನಕಡ್ಡಿ ಹಚ್ಚು. ಬೀಗ ಹಾಕ್ಕೊಂಡು ಹೋಗು. ಅಷ್ಟೇ."

"ಆಗ್ಲಿ ಸಾರ್," ಎಂದೆ. ಒಂದು ಹೂವಂತೆ! ಪಾಪ, ಲೆಕ್ಕದ ಮೇಷ್ಟ್ರು, ಅವರಿಗೆ ಶಾಸ್ತ್ರ ಹೇಗೆ ಗೊತ್ತಿರಬೇಕು ಎಂದು ಮನಸ್ಸಿನಲ್ಲೇ ಮರುಕಪಟ್ಟೆ.

ಆ ಸಂಜೆ ಅಪ್ಪ ರೈಲಿಳಿದು ಬಂದ ಮೇಲೆ ಕೇಳಿದೆ, "ಅಪ್ಪಾ, ಕಂಪ್ಯೂಟ್ರಿಗೆ ಪೂಜೆ ಎಲ್ಲಿ ಮಾಡ್ಬೇಕು?"

ಅಪ್ಪ ಕಾಲು ತೊಳೆಯುತ್ತಾ ಗಂಭೀರವಾಗಿ ಯೋಚಿಸಿದರು. "ಅದ್ರಾಗೆ ತಿರುಗೋದು ಯಾವ್ದ್ಲಾ?"

"ಫ್ಲಾಪಿ ಅಂತ ಒಂದೈತೆ. ಅದು ಗರಗರ ತಿರುಗ್ತದೆ."

"ಮತ್ತಿನ್ನೇನು! ಯಾವ ಮಿಷಿನ್ನೇ ಆಗ್ಲಿ, ತಿರುಗೋ ಭಾಗಕ್ಕೇ ಕಣ್ಲಾ ಪೂಜೆ. ಮೈಗೆಲ್ಲಾ ಬಳುದ್ರೆ ಏನೂ ಬರಕ್ಕಿಲ್ಲ. ನಮ್ಮ ಗಣಿ ಮಿಷಿನ್ಗೂ ಅಂಗೇಯ, ಅಗ್ಗ ಸುತ್ತೋ ಚಕ್ರಕ್ಕೇ ಅರ್ಶಿನ ಅಚ್ಚೋದು. ಆಮೇಲೆ ಒಂದು ಸುತ್ತು ತಿರುಗಿಸ್ಬೇಕು. ಆವಾಗ್ಲೇ ಪೂಜೆ ಮುಗೀತು ಅಂತ ಲೆಕ್ಕ."

ನಲವತ್ತು ವರ್ಷದ ಪದ್ಧತಿ, ಗಣಿಯ ಅನುಭವ. ನನಗೆ ಇನ್ನೇನು ಬೇಕು?

ಆಯುಧಪೂಜೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು, ಸಾಮಾನಿನ ಚೀಲ ಹಿಡಿದು ಹೊರಟೆ. ಜೊತೆಗೆ ನನ್ನ ಸಹಪಾಠಿ ಸೆಲ್ವ. ಅವನು ಗಣಿಯ ಕಡೆಯ ಊರಿಗಾಂನಿಂದ ರೈಲಿನಲ್ಲಿ ಬರುತ್ತಿದ್ದವನು, ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಭಯವಾದಾಗ ಎರಡೂ. ಕೋಣೆಯ ಬೀಗ ತೆಗೆದು, ಮುಸುಕು ಸರಿಸಿ, ಐದು ಫ್ಲಾಪಿಗಳನ್ನು ಬಾಳೆಎಲೆಯ ಮೇಲೆ ಸಾಲಾಗಿ ಇಟ್ಟೆ. ಅರಿಶಿನ ಕಲಸಿದೆ.

"ವೇಣಾಂ ಡಾ! ಬೇಡ ಕಣೋ! ಸಾರು ಹೂವು ಮಾತ್ರ ಅಂದ್ರಲ್ಲ!" ಎಂದ ಸೆಲ್ವ.

"ನಾನು ಸ್ನಾನ ಮಾಡಿದೀನಿ ಕಣ್ಲಾ," ಎಂದೆ.

ಸೆಲ್ವ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ನನ್ನ ಕೆಲಸ ಅಚ್ಚುಕಟ್ಟು. ಫ್ಲಾಪಿಯ ನಡುವಿನ ತೂತಿಗೆ ಬೆರಳು ಹಾಕಿ ಹಾಳೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದೆ, ಕಿಂಡಿಯಲ್ಲಿ ಕಂಡಷ್ಟು ಜಾಗಕ್ಕೆ ಅರಿಶಿನ ಹಚ್ಚುತ್ತಾ ಬಂದೆ. ಸುತ್ತು ಮುಗಿಯುವವರೆಗೆ ಒಂದು ಎಳೆಯೂ ಬಿಡಲಿಲ್ಲ. ಅದರ ಮೇಲೆ ಕುಂಕುಮದ ಬೊಟ್ಟು. ಹಿಂದುಗಡೆಯೂ ಒಂದು ಕಿಂಡಿ ಇತ್ತು. ಅದಕ್ಕೆ ಯಾಕೆ ಅನ್ಯಾಯ ಎಂದು ಅಲ್ಲಿಗೂ ಹಚ್ಚಿದೆ. ಮಂಗಳಾರತಿ ಆಯಿತು. ಸೆಲ್ವನೂ ಭಕ್ತಿಯಿಂದ ಕೆನ್ನೆ ಬಡಿದುಕೊಂಡ.

ಉಳಿದದ್ದು ಒಂದು ಸುತ್ತು ತಿರುಗಿಸುವುದು. ಸ್ವಿಚ್ಚು ಹಾಕಿ ಮೊದಲನೆಯ ಫ್ಲಾಪಿಯನ್ನು ಒಳಗೆ ತಳ್ಳಿದೆ. ಕರ್‌ರ್‌ರ್ ಎಂದಿತು. ಗಾಣದಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ ಸದ್ದು! ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬೈಯಿತು. ಇದೊಂದರ ಹಣೆಬರಹ ಸರಿಯಿಲ್ಲ ಎಂದು ಎರಡನೆಯದನ್ನು ಹಾಕಿದೆ. ಅದೇ ಸದ್ದು, ಅದೇ ಬೈಗುಳ. ಮೂರನೆಯದು, ನಾಲ್ಕನೆಯದು, ಐದನೆಯದು. ಒಂದನ್ನೂ ಬಿಡದೆ ಎಲ್ಲವನ್ನೂ ಪರೀಕ್ಷಿಸಿ, ಎಲ್ಲವೂ ಹಾಳಾಗಿವೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಖಚಿತಪಡಿಸಿಕೊಂಡೆ!

"ಪೋಚ್ಚಿ ಡಾ, ಎಲ್ಲಾ ಹೋಯ್ತು," ಎಂದು ಸೆಲ್ವ ನೆಲಕ್ಕೆ ಕುಸಿದ.

ಸಾರ್ ಅವರ ಎರಡು ತಿಂಗಳ ಕೆಲಸ. ಬರಲಿರುವ ಸಾಹೇಬರು. ಕಂಪ್ಯೂಟರ್ ಹೊತ್ತುಕೊಂಡು ಹೋಗುವ ಜೀಪು. ವಾರದ ಐದು ನಿಮಿಷ! ನಲವತ್ತೆರಡು ಮಕ್ಕಳ ಐದೈದು ನಿಮಿಷವನ್ನು ನಾನೊಬ್ಬನೇ ನುಂಗಿ ನೀರು ಕುಡಿದಿದ್ದೆ. ಅಳು ಬಂತು. ಆದರೆ ಅಳುವುದಕ್ಕಿಂತ ತೊಳೆಯುವುದು ಮೇಲು ಎನ್ನಿಸಿತು. ಫ್ಲಾಪಿಗಳನ್ನು ಹೂವು ತಂದಿದ್ದ ದೊಡ್ಡ ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಓಡಿದೆ.

"ಅಮ್ಮಾ, ಅರ್ಶಿನದ ಕರೆ ಎಂಗೆ ಓಗುತ್ತೆ?"

ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ನನ್ನ ಅಂಗಿಯ ಮಾತು ಅಂದುಕೊಂಡಳು. "ಸೋಪಿಗೆಲ್ಲಾ ಓಗಕ್ಕಿಲ್ಲ ಕಣೋ. ತೊಳುದು ಬಿಸ್ಲಿಗೆ ಆಕು. ಬಿಸ್ಲು ಬಿದ್ರೆ ತಾನೇ ಬಿಟ್ಕಂಡು ಓಯ್ತದೆ."

ಅಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ಅರಿಶಿನದ ಕರೆ ಬಿಸಿಲಿಗೆ ಹೋಗುತ್ತದೆ, ಬೇಕಾದರೆ ನೀವೂ ಮಾಡಿ ನೋಡಿ. ನಾನು ಬ್ಲೇಡಿನಿಂದ ಲಕೋಟೆಗಳ ಅಂಚು ಕತ್ತರಿಸಿ, ಹಾಳೆಗಳನ್ನು ಹೊರಗೆ ತೆಗೆದು, ಸೀಗೆಪುಡಿಯ ನೀರಿನಲ್ಲಿ ಮೃದುವಾಗಿ ತೊಳೆದು, ದನದ ಕೊಟ್ಟಿಗೆಯ ತಗಡಿನ ಮೇಲೆ ಒಣಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅರಿಶಿನ ಮಾಯವಾಗಿತ್ತು. ಹಾಳೆಗಳು ಮಾತ್ರ ನಾಲ್ಕೂ ಕಡೆಯಿಂದ ಮುದುಡಿ ಮೇಲೆದ್ದಿದ್ದವು! ನೆಟ್ಟಗೆ ಮಾಡಲು ರುಬ್ಬುಗುಂಡಿನ ಕೆಳಗೆ ಇಟ್ಟೆ. ಅಮ್ಮ ಸಂಜೆ ಹಿಟ್ಟು ರುಬ್ಬಲು ಬಂದು ಗುಂಡು ಎತ್ತಿದಳು.

"ಇದೇನ್ಲಾ ಇದು, ಸೀದೋಗಿರೋ ಅಪ್ಪಳ?"

ಆಗ ಅಪ್ಪನೂ ಬಂದರು. ಎಲ್ಲವನ್ನೂ ಹೇಳಲೇಬೇಕಾಯಿತು. ಅಪ್ಪ ಕೈ ಎತ್ತುತ್ತಾರೆ ಎಂದು ನಾನು ಬೆನ್ನು ಬಗ್ಗಿಸಿ ಸಿದ್ಧನಾದೆ. ಅಪ್ಪ ಕೈ ಎತ್ತಲಿಲ್ಲ. ಆ ಐದು ದುಂಡುಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕೆಟ್ಟುಹೋದ ಯಂತ್ರದ ಭಾಗವನ್ನು ಅವರು ಯಾವಾಗಲೂ ಹಾಗೆಯೇ ನೋಡುತ್ತಿದ್ದರು.

"ತಿರುಗೋದುಕ್ಕೆ ಅರ್ಶಿನ ಅಚ್ಚು ಅಂದೋನು ನಾನೇ ಅಲ್ವೇನ್ಲಾ," ಎಂದರು. "ಇಸ್ಕೂಲು ತೆಗೆದ ದಿನ ನಾನೂ ಬತ್ತೀನಿ."

ರಜೆಯ ಉಳಿದ ದಿನಗಳನ್ನು ನಾನು ಹೇಗೆ ಕಳೆದೆನೋ, ಆ ಪಾಡು ಶತ್ರುವಿಗೂ ಬೇಡ. ಶಾಲೆ ತೆರೆದ ದಿನ ಅಪ್ಪ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಬಂದರು. ತರಗತಿಯ ಬಾಗಿಲಲ್ಲಿ ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ತಪ್ಪು ನಂದು ಸಾರ್. ಉಡುಗುಂಗೆ ಏನೂ ಗೊತ್ತಿಲ್ಲ. ನಾನು ಏಳಿದಂಗೆ ಮಾಡ್ದ," ಎಂದರು. ನಾನು ಟಿಫನ್ ಡಬ್ಬಿ ಮುಂದೆ ಹಿಡಿದೆ.

ಚೌಡಪ್ಪ ಸಾರ್ ಡಬ್ಬಿಯ ಮುಚ್ಚಳ ತೆಗೆದರು. ಮುಚ್ಚಿದರು. ಇನ್ನೊಮ್ಮೆ ತೆಗೆದು ಮೂಸಿ ನೋಡಿದರು.

"ಸೀಗೆಕಾಯಿನಾ?" ಎಂದರು.

"ಹೂಂ ಸಾರ್."

ಅವರು ಕುರ್ಚಿಯಲ್ಲಿ ಕೂತರು. ಕಣ್ಣಲ್ಲಿ ನೀರಿತ್ತೋ ನಗು ಇತ್ತೋ ನನಗೆ ನೋಡುವ ಧೈರ್ಯವಿರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, "ಬಿಡಿ ಯಜಮಾನ್ರೇ, ಭಕ್ತಿಯಿಂದ ಮಾಡಿದಾನೆ. ನೀವು ಬೇಜಾರು ಮಾಡ್ಕೋಬೇಡಿ," ಎಂದರು. ಒಂದು ಬೈಗುಳವಿಲ್ಲ, ಒಂದು ಏಟಿಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಆ ಕಾಲದಲ್ಲಿ ಮಗ್ಗಿ ತಪ್ಪಿದರೂ ಬೆತ್ತ ಮುರಿಯುವ ಮೇಷ್ಟ್ರುಗಳಿದ್ದರು!

ಹೊಸ ಫ್ಲಾಪಿ ಬೇಕೆಂದರೆ ಬೆಂಗಳೂರಿಗೆ ಬರೆದು ವಾರಗಟ್ಟಲೆ ಕಾಯಬೇಕು. ಬುಧವಾರ ಸಾಹೇಬರು. ಸಾರ್ ತಲೆಯ ಮೇಲೆ ಕೈ ಹೊತ್ತರು. ಆಗ ಹಿಂದಿನ ಬೆಂಚಿನಿಂದ ಸರೋಜ ಎದ್ದು ನಿಂತಳು. ಕಾಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ.

"ಸಾರ್, ನೀವು ಪ್ರೋಗ್ರಾಂ ಒತ್ತುವಾಗೆಲ್ಲಾ ನಾನು ನೋಡ್ಕಂಡು ನೋಟ್ಸಿನಾಗೆ ಬರ್ಕಂಡಿವ್ನಿ. ಬಸ್ಸಾಗೆ ಓದ್ಕಳಾಕೆ."

ನೋಟ್ ಪುಸ್ತಕ ಬಂತು. ನಲವತ್ತೊಂದು ಸಾಲಿನ ಪ್ರೋಗ್ರಾಂ, ಒಂದು ಚುಕ್ಕೆಯೂ ತಪ್ಪಿಲ್ಲದೆ! ಸಾರ್ ಎದ್ದು ನಿಂತರು. ಫ್ಲಾಪಿ ಇಲ್ಲದಿದ್ದರೇನಂತೆ, ಬುಧವಾರ ಬೆಳಿಗ್ಗೆ ಕೈಯಲ್ಲೇ ಒತ್ತಿದರಾಯಿತು, ಆರಿಸಿದರೆ ಒತ್ತಿದ್ದೆಲ್ಲಾ ಮರೆತುಬಿಡುತ್ತದೆ, ಆದ್ದರಿಂದ ಸಾಹೇಬರು ಬಂದು ಹೋಗುವವರೆಗೆ ಕಂಪ್ಯೂಟರ್ ಆರಿಸದಿದ್ದರಾಯಿತು. ಮಕ್ಕಳು ನಲವತ್ತೆರಡು, ಸಾಲು ನಲವತ್ತೊಂದು. ಒಬ್ಬೊಬ್ಬರಿಗೆ ಒಂದೊಂದು ಸಾಲು ಹಂಚಿದರು. ಹಂಚಿ ಮುಗಿದಾಗ ಉಳಿದವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

"ನೀನು ಕೈ ಕಟ್ಕೊಂಡು ಗೋಡೆ ಹತ್ರ ನಿಂತ್ಕೋ ಮುನಿರಾಜು. ಅದೇ ನಿನ್ನ ಸಾಲು," ಎಂದರು ಸಾರ್.

ಪ್ರೋಗ್ರಾಮಿನ ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು. ಎರಡು ದಿನದಲ್ಲಿ ಮಕ್ಕಳ ಹೆಸರೇ ಮರೆತುಹೋಯಿತು. "ಏ ಇನ್ನೂರೈವತ್ತು, ನಿನ್ನ ಪೆನ್ನು ಕೊಡು", "ನೂರಾ ಹತ್ತಕ್ಕೆ ಜ್ವರ ಅಂತೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಸರೋಜ ಹತ್ತು. ಸೆಲ್ವ ಇನ್ನೂರ ನಲವತ್ತು, ರೈಲಿನಲ್ಲಿ ಊರಿಗಾಂ ತನಕ ತನ್ನ ಸಾಲನ್ನು ಮಂತ್ರದಂತೆ ಜಪಿಸುತ್ತಾ ಹೋಗುತ್ತಿದ್ದ. ನನಗೊಬ್ಬನಿಗೇ ನಂಬರಿಲ್ಲ.

ಬುಧವಾರ ಒಂಬತ್ತು ಗಂಟೆಗೆ ಸಾಲಾಗಿ ನಿಂತು ಒತ್ತಿದರು. ಪ್ರೋಗ್ರಾಂ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹನ್ನೊಂದಕ್ಕೆ ಕರೆಂಟು ಹೋಯಿತು! ಪರದೆ ಕಪ್ಪಾಯಿತು, ಪ್ರೋಗ್ರಾಂ ಗಾಳಿಗೆ ಹೋಯಿತು. ಹನ್ನೆರಡಕ್ಕೆ ಕರೆಂಟು ಬಂತು, ಇನ್ನೊಮ್ಮೆ ಒತ್ತಿದರು. ಸಾಹೇಬರ ಸುಳಿವಿಲ್ಲ. ಎರಡು ಗಂಟೆಗೆ ಮತ್ತೆ ಹೋಯಿತು. ಸಾರ್ ಅವರ ಮುಖ ನೋಡಲಾಗುತ್ತಿರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಕರೆಂಟಿಗೆ ನಾನು ಯಾವ ಪೂಜೆಯನ್ನೂ ಮಾಡಿರಲಿಲ್ಲ, ಆದರೂ ತಲೆ ತಗ್ಗಿಸಿದೆ.

ಎರಡೂವರೆಗೆ ಗೇಟಿನಲ್ಲಿ ಜೀಪಿನ ಸದ್ದಾಯಿತು, ಅದೇ ಹೊತ್ತಿಗೆ ಕರೆಂಟೂ ಬಂತು. ಸಾಹೇಬರು ಕೋಣೆಯೊಳಗೆ ಕಾಲಿಟ್ಟಾಗ ಪರದೆ ಖಾಲಿ. "ಏನ್ರೀ ಮೇಷ್ಟ್ರೇ, ಇದನ್ನ ಅಲಂಕಾರಕ್ಕೆ ಇಟ್ಕೊಂಡಿದೀರಾ?" ಎಂದರು.

ಸಾರ್ ಉತ್ತರಿಸುವ ಮೊದಲೇ ಸರೋಜ ಮುಂದೆ ಬಂದು ಹತ್ತನೇ ನಂಬರಿನ ಸಾಲು ಒತ್ತಿದಳು. ಅವಳ ಹಿಂದೆ ಇಪ್ಪತ್ತು, ಅವನ ಹಿಂದೆ ಮೂವತ್ತು. ಮೂರನೆಯ ಸಲವಲ್ಲವೇ, ಯಾರಿಗೂ ಪುಸ್ತಕ ನೋಡುವ ಅಗತ್ಯವಿರಲಿಲ್ಲ. ಮಾತಿಲ್ಲ, ಕತೆಯಿಲ್ಲ, ನೂಕಾಟವಿಲ್ಲ. ಸಾಹೇಬರು ಬಾಯಿ ತೆರೆದುಕೊಂಡು ನಿಂತರು. ಕೊನೆಯ ಹುಡುಗ ತನ್ನ ಸಾಲು ಮುಗಿಸಿ ಸರಿದಾಗ, "ಮೇಷ್ಟ್ರೇ, ಬೇರೆ ಕಡೆ ಫ್ಲಾಪಿ ಹಾಕಿ ತೋರಿಸ್ತಾರೆ. ನಿಮ್ಮ ಮಕ್ಕಳಿಗೆ ಎಲ್ಲಾ ಬಾಯಲ್ಲೇ ಇದೆಯಲ್ರೀ! ಈ ಪದ್ಧತಿ ಹೇಗೆ ಹೊಳೀತು?" ಎಂದು ಕೇಳಿದರು.

ಚೌಡಪ್ಪ ಸಾರ್ ಸುಳ್ಳು ಹೇಳುವವರಲ್ಲ. ಗೋಡೆಯ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದ ನನ್ನ ಕಡೆ ಬೆರಳು ತೋರಿಸಿ, "ಇದಕ್ಕೆಲ್ಲಾ ಕಾರಣ ಆ ಹುಡುಗ ಸಾರ್," ಎಂದರು.

ಸಾಹೇಬರು ಬಂದು ನನ್ನ ಬೆನ್ನು ತಟ್ಟಿದರು. "ಶಭಾಷ್! ಬಾ, ನೀನೇ ಪ್ರೋಗ್ರಾಂ ಓಡಿಸಿ ತೋರಿಸು."

ಸಾರ್ ಅವರ ಮುಖ ಬಿಳಿಚಿಕೊಂಡಿತು. ಆದರೆ ಸಾಹೇಬರ ಮಾತಿಗೆ ಇಲ್ಲವೆನ್ನುವುದು ಹೇಗೆ? ನಾನು ಹೋಗಿ ಕೂತೆ. ಓಡಿಸಲು ಒತ್ತಬೇಕಾದದ್ದು 'ರನ್', ಇಂಗ್ಲಿಷಿನ ಮೂರೇ ಅಕ್ಷರ. ಆದರೆ ವಾರಕ್ಕೊಮ್ಮೆ ನಮ್ಮ ಐದು ನಿಮಿಷ ಬಂದಾಗ, ಹಿಂದಿನವರು ಬರೆದದ್ದನ್ನು ಅಳಿಸಲು ಮೊದಲು 'ನ್ಯೂ' ಎಂದು ಒತ್ತುವುದು ರೂಢಿ. ನನ್ನ ಬೆರಳುಗಳಿಗೆ ಗೊತ್ತಿದ್ದದ್ದು ಅದೊಂದೇ. ಒತ್ತಿಯೇಬಿಟ್ಟೆ!

ನಲವತ್ತೊಂದು ಸಾಲೂ ಕಣ್ಣೆದುರಿಗೇ ಅಳಿಸಿಹೋಯಿತು. ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಮೆಲ್ಲಗೆ ಕುರ್ಚಿಯಿಂದ ಎಬ್ಬಿಸಿದರು. ಸರೋಜ! ಅವಳು ಕೂತು ಹತ್ತನೇ ನಂಬರಿನ ಸಾಲು ಒತ್ತಿದಳು. ಅವಳ ಹಿಂದೆ ಇಪ್ಪತ್ತು. ಅವನ ಹಿಂದೆ ಮೂವತ್ತು. ಸೆಲ್ವ ತನ್ನ ಸಾಲಿಗೆ ಬಂದಾಗ ನನ್ನನ್ನು ನೋಡಿ ಕಣ್ಣು ಹೊಡೆದ. ಯಾರೊಬ್ಬರೂ ನನ್ನನ್ನು ದುರುಗುಟ್ಟಿ ನೋಡಲಿಲ್ಲ. ಇಂಥ ಗೆಳೆಯರನ್ನು ಕೊಟ್ಟ ದೇವರಿಗೆ ಎಷ್ಟು ಸಲ ಕೈ ಮುಗಿದರೂ ಸಾಲದು.

"ಅಳಿಸಿ ಮತ್ತೆ ಬರೆಸಿ ತೋರಿಸ್ತಾನೆ ನೋಡ್ರೀ! ಎಂಥ ಧೈರ್ಯ!" ಎಂದರು ಸಾಹೇಬರು. ಈ ಸಲ 'ರನ್' ಒತ್ತಿದವರು ಸಾರ್. ಸಾಹೇಬರು ಮಾರಿಕುಪ್ಪಂ ಎಂದು ಊರಿನ ಹೆಸರು ಒತ್ತಿ, ರೈಲುಗಳನ್ನು ನೋಡಿ, ಗಡಿಯಾರ ನೋಡಿ, ತಲೆದೂಗಿದರು. ಭೇಟಿಯ ಪುಸ್ತಕದಲ್ಲಿ 'ಈ ಯಂತ್ರ ಇಲ್ಲಿಯೇ ಇರತಕ್ಕದ್ದು' ಎಂದು ಬರೆದು ರುಜು ಹಾಕಿದರು. ಹೋಗುವಾಗ ತಮ್ಮ ಜೇಬಿನ ಪೆನ್ನನ್ನು ತೆಗೆದು ನನಗೆ ಕೊಟ್ಟರು. ನನಗೆ! ನಾನು ಅದನ್ನು ಆಮೇಲೆ ಸರೋಜಳಿಗೆ ಕೊಟ್ಟೆ. ಅವಳು ಯಾಕೆಂದು ಕೇಳಲಿಲ್ಲ, ತೆಗೆದುಕೊಂಡಳು.

ಜೀಪು ಹೋದ ಮೇಲೆ ಚೌಡಪ್ಪ ಸಾರ್ ಕಂಪ್ಯೂಟರಿಗೆ ಮುಸುಕು ಹಾಕಿ ನನ್ನನ್ನು ಹತ್ತಿರ ಕರೆದರು. ಹೆಗಲ ಮೇಲೆ ಕೈ ಇಟ್ಟರು. ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ನಾನು ಉಬ್ಬಿಹೋದೆ.

"ಮುನಿರಾಜು, ನಿನ್ನಿಂದ ಈ ಸ್ಕೂಲಿಗೆ ತುಂಬಾ ಒಳ್ಳೇದಾಯ್ತಪ್ಪಾ," ಎಂದರು. "ನಿನ್ನ ದಮ್ಮಯ್ಯ, ಇನ್ನು ಮುಂದೆ ಯಾವ ಒಳ್ಳೇದನ್ನೂ ಮಾಡ್ಬೇಡ!"